ಎಡಗಡೆ ಪ್ಲಸ್ ಇದ್ದರೆ ಸಂಯೋಗ

ಗಂಡನಾದವನು ಹೆಂಡತಿಗೆ ಪಾಠ ಹೇಳಿಕೊಡಬಾರದು ಎಂಬ ನಿಯಮ ರೈಲ್ವೆಯ ನಿಯಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಾನು ಹುಡುಕಿದ್ದೇನೆ. ಚಲಿಸುವ ಗಾಡಿಯಿಂದ ಇಳಿಯಬಾರದು, ಎರಡು ಬೋಗಿಗಳ ನಡುವೆ ಸುಮ್ಮನೆ ನಿಲ್ಲಬಾರದು, ಕೆಲಸದ ವೇಳೆ ತೂಕಡಿಸಬಾರದು, ಎಲ್ಲ ಇದೆ. ಅತ್ಯಂತ ಅಪಾಯಕಾರಿಯಾದ ಈ ಒಂದನ್ನು ಬರೆಯುವುದು ಮಾತ್ರ ಪುಣ್ಯಾತ್ಮರಿಗೆ ಹೊಳೆದಿಲ್ಲ. ಅದರ ಫಲವನ್ನು ಚಿಕ್ಕಜಾಜೂರು ಜಂಕ್ಷನ್ನಿನ ಪಾಯಿಂಟ್ಸ್‌ಮನ್ ಮೋಹನ್‌ಕುಮಾರ್ ಎಂಬ ನಾನು ಅನುಭವಿಸುತ್ತಿದ್ದೇನೆ.

ಪಾಯಿಂಟ್ಸ್‌ಮನ್ ಎಂದರೆ ಯಾರು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೋಗಿಗಳನ್ನು ಕೂಡಿಸುವುದು, ಬಿಡಿಸುವುದು, ಈ ಹಳಿಯಿಂದ ಆ ಹಳಿಗೆ ದಾಟಿಸುವುದು ನನ್ನ ಕೆಲಸ. ಇದಕ್ಕೆ ಶಂಟಿಂಗ್ ಎನ್ನುತ್ತಾರೆ. ಆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ಎಲ್ಲ ಕೈಸನ್ನೆಯಲ್ಲೇ ನಡೆಯಬೇಕು. ತಿರುವಿನಲ್ಲಿ ನಿಂತವನ ಸನ್ನೆ ಡ್ರೈವರಿಗೆ ಕಾಣದಿದ್ದರೆ, ನಡುವೆ ನಿಂತವನು ಅದನ್ನು ಕಂಡ ಕೂಡಲೇ ತಾನೂ ಹಾಗೆಯೇ ಕೈ ಎತ್ತಿ, ಸೀಟಿ ಊದಿ, ಮುಂದಕ್ಕೆ ದಾಟಿಸಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. (ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಎಲ್ಲೂ ಸಿಗದು.) ಹದಿನೈದು ವರ್ಷ ಇದನ್ನೇ ಮಾಡಿ, ಈಗ ಯಾರಾದರೂ ಸೊಳ್ಳೆ ಓಡಿಸಲು ಕೈ ಬೀಸಿದರೂ ನನ್ನ ಕೈ ತಾನಾಗಿ ಏಳುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಓಬಕ್ಕ ನಿವೃತ್ತಿಯಾಗುವವರಿದ್ದರು. ಆ ಜಾಗದ ಮೇಲೆ ನನ್ನ ಹೆಂಡತಿ ಚೌಡೇಶ್ವರಿಯ ಕಣ್ಣು ಬಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸು ಮೂವತ್ತೈದು ತುಂಬಿರಬಾರದು. ಅವಳಿಗೆ ಮೂವತ್ತನಾಲ್ಕು. ಅವಳ ಎಸ್ಸೆಸ್ಸೆಲ್ಸಿಯಾದರೋ, ಮದುವೆಗೆ ಮುಂಚೆಯೇ ವಿಜ್ಞಾನದ ಹತ್ತಿರ ಬಂದು ಸಿಗ್ನಲ್ ಸಿಗದೆ ನಿಂತುಹೋಗಿತ್ತು.

"ಈ ಸಲ ಆಗ್ಲಿಲ್ಲ ಅಂದ್ರೆ ಮುಗೀತು ಕಣ್ರೀ," ಎಂದಳು ಒಂದು ದಿನ, ನನ್ನ ಊಟದ ಕ್ಯಾರಿಯರ್ ತೊಳೆಯುತ್ತ. "ಮುಂದಿನ ವರ್ಷ ಅರ್ಜಿ ಹಾಕಾಕೂ ಬಿಡಲ್ಲ. ನಾನೂ ಬೆಳಿಗ್ಗೆ ಎದ್ದು, ಸೀರೆ ನೆರಿಗೆ ಸರಿ ಮಾಡ್ಕಂಡು, ನನ್ನ ಕೆಲಸ ಅಂತ ಒಂದು ಕಡೆ ಹೋಗ್ಬೇಕು. ಈ ಕ್ಯಾರಿಯರ್ ತೊಳೆದೂ ತೊಳೆದೂ ಅದರ ಮೇಲಿನ ನಿಮ್ಮ ಹೆಸರು ಅಳಿಸೋಗೈತೆ, ನೋಡ್ರಿ."

ನೋಡಿದೆ. ನಿಜವಾಗಿಯೂ ಅಳಿಸಿಹೋಗಿತ್ತು. ನನಗೆ ಸಂಕಟವಾಯಿತು. ಹಾಗಾಗಿ, ಖಾಸಗಿ ಅಭ್ಯರ್ಥಿಯಾಗಿ ಎಲ್ಲ ವಿಷಯಕ್ಕೂ ಹೊಸದಾಗಿ ಪರೀಕ್ಷೆ ಕಟ್ಟು, ಉಳಿದ ವಿಷಯ ನೀನು ಓದಿಕೋ, ವಿಜ್ಞಾನ ನಾನು ಹೇಳಿಕೊಡುತ್ತೇನೆ ಎಂದುಬಿಟ್ಟೆ. ರಾತ್ರಿಪಾಳಿ ಮುಗಿಸಿ ಬಂದ ಮನುಷ್ಯ ಬೆಳಗಿನ ಹೊತ್ತು ಯಾವ ಭರವಸೆಯನ್ನೂ ಕೊಡಬಾರದು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಮೊದಲನೆಯ ಪಾಠವೇ ರಾಸಾಯನಿಕ ಕ್ರಿಯೆಗಳ ವಿಧಗಳು. ಸಮೀಕರಣ ಕೊಡುತ್ತಾರೆ, ಅದು ಯಾವ ವಿಧ ಎಂದು ಗುರುತಿಸಬೇಕು. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಎಂದು ನಾಲ್ಕು. ಚೌಡೇಶ್ವರಿ ಪುಸ್ತಕವನ್ನು ದೂರ ಹಿಡಿದು ಓದಿದಳು.

"ದ್ವಿ. ಸ್ಥಾನ. ಪಲ್ಲಟ. ಇದನ್ನ ಹೇಳಿ ಮುಗಿಸೋದ್ರೊಳಗೆ ಒಲೆ ಮೇಲಿನ ಹಾಲು ಉಕ್ಕಿ ಹೋಗ್ತೈತೆ. ಹೆಸರೇ ಬಾಯಿಗೆ ಬರಲ್ವಲ್ರೀ."

ಆಗ ನನಗೆ ಆ ದಿವ್ಯವಾದ ಉಪಾಯ ಹೊಳೆಯಿತು. ಕೂಡುವುದು, ಬಿಡುವುದು, ಜಾಗ ಬದಲಿಸುವುದು: ಇದು ಶಂಟಿಂಗ್ ಅಲ್ಲದೆ ಮತ್ತೇನು? ನಾನು ಹುಟ್ಟಾ ರಸಾಯನಶಾಸ್ತ್ರಜ್ಞ, ಇಷ್ಟು ದಿನ ಹಳಿಯ ಮೇಲೆ ವ್ಯರ್ಥವಾಗಿದ್ದೆ ಎನ್ನಿಸಿತು.

"ಹೆಸರು ಬಾಯಿಗೆ ಬರದಿದ್ರೆ ಕೈಗೆ ಬರ್ಲಿ ಬಿಡು," ಎಂದೆ. "ನೋಡು. ಎರಡೂ ಕೈ ತಲೆ ಮೇಲೆ ಎತ್ತಿ ಹತ್ತಿರ ತಂದ್ರೆ ಸಂಯೋಗ. ಒಂದು ಕೈ ಮೇಲೆ ಕೆಳಗೆ ಆಡಿಸಿದ್ರೆ ವಿಭಜನೆ. ಬಲಗೈನ ಎದೆ ಮುಂದೆ ಎಡದಿಂದ ಬಲಕ್ಕೆ ಬೀಸಿದ್ರೆ ಸ್ಥಾನಪಲ್ಲಟ. ಎರಡೂ ಕೈ ಕತ್ರಿ ಹಾಕಿ ಬಿಡಿಸಿದ್ರೆ ದ್ವಿಸ್ಥಾನಪಲ್ಲಟ." (ಕೊನೆಯದು ಭಾರತೀಯ ರೈಲ್ವೆಯಲ್ಲಿ ಇಲ್ಲ. ನನ್ನ ಸ್ವಂತ ಸಂಶೋಧನೆ.)

ಅವಳು ಮೊಣಕೈ ಮಡಚಿ ನಾಚಿಕೆಯಿಂದ ಮಾಡಿದಳು. ನಾನು ಒಪ್ಪಲಿಲ್ಲ. ಅರ್ಧ ಕೈ ಎತ್ತುವವರಿಂದಲೇ ಅಪಘಾತಗಳಾಗುವುದು, ಎತ್ತಿದರೆ ಪೂರ್ತಿ ಎತ್ತಬೇಕು ಎಂದು ಗದರಿದೆ. ಎರಡೇ ದಿನದಲ್ಲಿ ಅವಳ ಕೈ ನನ್ನ ಸಹೋದ್ಯೋಗಿಗಳ ಕೈಗಿಂತ ಚೊಕ್ಕವಾಗಿ ಏಳತೊಡಗಿತು.

ನಂತರ ಪ್ರಯೋಗ. ಅಡುಗೆಮನೆಯ ನೆಲದ ಮೇಲೆ ಬಾಣ, ಪ್ಲಸ್ ಗುರುತು ಬರೆದು ಡಬ್ಬಿಗಳನ್ನು ಜೋಡಿಸಿದೆ. ನನ್ನ ಕ್ಯಾರಿಯರ್ ಸತು, ಅವರೆಕಾಳಿನ ಡಬ್ಬಿ ತಾಮ್ರ, ರಾಗಿಹಿಟ್ಟಿನ ಡಬ್ಬಿ ಸಲ್ಫೇಟು. ಸತು ನಿಧಾನವಾಗಿ ಬಂತು, ತಾಮ್ರವನ್ನು ಆಚೆ ತಳ್ಳಿತು, ಸಲ್ಫೇಟಿನ ಜೊತೆ ಸೇರಿಕೊಂಡಿತು.

"ಸತು ಬಂದು ತಾಮ್ರನ ಎಬ್ಬಿಸಿ, ಅದರ ಜಾಗದಾಗೆ ತಾನು ಕುಂತಂಗಾತು," ಎಂದಳು ಚೌಡೇಶ್ವರಿ. "ಇದು ಸ್ಥಾನಪಲ್ಲಟ ಅಲ್ವೇನ್ರೀ?"

"ಅಲ್ಲ. ಬಾಣದ ಎಡಗಡೆ ನೋಡು. ಪ್ಲಸ್ ಗುರುತು ಐತಾ?"

"ಐತೆ."

"ಪ್ಲಸ್ ಅಂದ್ರೆ ಕೂಡೋದು. ಎಡಗಡೆ ಪ್ಲಸ್ ಇದ್ರೆ ಸಂಯೋಗ. ಇದು ಸೂತ್ರ. ಬರ್ಕ."

"ಬಲಗಡೆನೂ ಒಂದು ಪ್ಲಸ್ ಐತಲ್ಲ, ಅದಕ್ಕೇನಂತೀರಿ?"

ಈ ಹೆಂಗಸಿನ ಜೊತೆ ಬಾಳುವುದು ಸುಲಭವಲ್ಲ. ಒಂದು ಕ್ಷಣ ಯೋಚಿಸಿ, "ಶಂಟಿಂಗ್ ಇನ್ನೂ ಮುಗಿದಿಲ್ಲ ಅಂತ ಅರ್ಥ," ಎಂದೆ.

"ಹಂಗಾರೆ ಸ್ಥಾನಪಲ್ಲಟ ಅಂದ್ರೆ?"

"ಒಂದೇ ಗಾಡಿ, ಯಾರನ್ನೂ ಮುಟ್ಟದೆ, ಒಂದನೇ ಲೈನಿಂದ ಎರಡನೇ ಲೈನಿಗೆ ಹೋಗೋದು. ಹೋಗಿ ವಾಪಸ್ ಬಂದ್ರೆ ದ್ವಿಸ್ಥಾನಪಲ್ಲಟ. ಪುಸ್ತಕದವರು ಅದಕ್ಕೆ ಸರಿಯಾದ ಉದಾಹರಣೆ ಕೊಟ್ಟಿಲ್ಲ, ಅದು ಅವರ ತಪ್ಪು."

ಅವಳು ಡಬ್ಬಿಗಳನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದಳು. ಅಷ್ಟರಲ್ಲಿ ಒಲೆಯ ಹತ್ತಿರ ಕುಳಿತಿದ್ದ ನನ್ನ ತಾಯಿ ಚಂದ್ರಕ್ಕ ಬಾಯಿ ಬಿಟ್ಟರು.

"ಲೇ ಮೋಹನ, ಮುದ್ದೆಗೆ ಎಸರು ಕಾಯ್ತಾ ಐತೆ. ಆ ಸಲ್ಫೇಟು ಇತ್ಲಾಗ್ ಕೊಡು."

ಅಂದಿನಿಂದ ಚೌಡೇಶ್ವರಿ ನನಗೆ ಎದುರು ಪ್ರಶ್ನೆ ಹಾಕುವುದನ್ನು ನಿಲ್ಲಿಸಿದಳು. ನಾನು ಪಾಠ ಹೇಳುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು, ನಾನು ಹೋಗಿ ಮಲಗುತ್ತಿದ್ದೆ. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಮಾತಿಗೆ ಇಷ್ಟು ದಿನ ಸತತವಾಗಿ ತಲೆಯಾಡಿಸಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಿದ್ದೆಗೆಟ್ಟ ಮನುಷ್ಯ ಗೌರವ ಸಿಕ್ಕರೆ ಅದರ ಮೂಲ ಹುಡುಕುತ್ತ ಕೂರುವುದಿಲ್ಲ.

ಪರೀಕ್ಷಾ ಕೇಂದ್ರ ಹೊಳಲ್ಕೆರೆಯ ಒಂದು ಪ್ರೌಢಶಾಲೆ. ಉಳಿದ ಪತ್ರಿಕೆಗಳಿಗೆ ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಂದಳು. ವಿಜ್ಞಾನದ ದಿನ ಮಾತ್ರ ಗುರುವಾದ ನಾನು ಜೊತೆಗಿರಬೇಕು ಎನ್ನಿಸಿತು. ರಾತ್ರಿಪಾಳಿ ಮುಗಿಸಿ, ಸಮವಸ್ತ್ರದಲ್ಲೇ, ಕಣ್ಣು ಎಳೆಯುತ್ತಿದ್ದರೂ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ.

ಗೇಟಿನ ಹತ್ತಿರ ಅವಳು ನಿಂತಳು. ಮುಖ ಬಿಳಿಚಿಕೊಂಡಿತ್ತು. "ಎಲ್ಲ ಮಕ್ಕಳೇ ಅವ್ರೆ ಕಣ್ರೀ. ನಾನೊಬ್ಬಳೇ ಮುದುಕಿ," ಎಂದಳು.

"ಹೋಗು, ಏನೂ ಆಗಲ್ಲ. ಸೂತ್ರ ನೆನಪೈತಾ?"

"ಐತೆ, ಐತೆ," ಎಂದು ಅವಸರದಲ್ಲಿ ಒಳಗೆ ಹೋದಳು.

ಇನ್ನೂರು ಮೀಟರ್ ಒಳಗೆ ಯಾರೂ ನಿಲ್ಲುವಂತಿಲ್ಲ ಎಂದು ಕಾವಲಿದ್ದ ಪೇದೆ ದಾಸಣ್ಣ ಎಲ್ಲರನ್ನೂ ಅಟ್ಟಿದರು. ನಾನು ಇನ್ನೂರು ಮೀಟರ್ ದಾಟಿ ಒಂದು ಮೋರಿಕಟ್ಟೆಯ ಮೇಲೆ ಕುಳಿತೆ. ಕಾಂಪೌಂಡು ಕುಳ್ಳಗಿತ್ತು. ಅದರಾಚೆ ಆಟದ ಮೈದಾನ, ಮೈದಾನದಾಚೆ ಕೊಠಡಿಗಳ ಸಾಲು. ಮೂರನೆಯ ಕಿಟಕಿಯಲ್ಲಿ ಚೌಡೇಶ್ವರಿಯ ಹಸಿರು ಸೀರೆ ಕಾಣುತ್ತಿತ್ತು. ಬೇರೆಯವರಿಗೆ ಅಷ್ಟು ದೂರದಿಂದ ಕಾಣುವುದಿಲ್ಲ. ನನ್ನ ಕಣ್ಣು ಅರ್ಧ ಕಿಲೋಮೀಟರ್ ಆಚೆಯ ಹಸಿರು ಬಾವುಟ ಗುರುತಿಸಿ ಪಳಗಿದ್ದು.

ಬಿಸಿಲೇರಿತು. ತೂಕಡಿಕೆ ಬಂತು. ಎಷ್ಟು ಹೊತ್ತು ಹೋಯಿತೋ, ಕಣ್ಣು ಬಿಟ್ಟಾಗ ಮೂರನೆಯ ಕಿಟಕಿಯಲ್ಲಿ ಒಂದು ಕೈ ಎದ್ದಿತು. ಎಡದಿಂದ ಬಲಕ್ಕೆ, ಪೂರ್ತಿ, ಚೊಕ್ಕವಾಗಿ ಬೀಸಿತು.

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ. ಹೊಣೆ ಇಲಾಖೆಯದು. ನಾನು ಮೋರಿಕಟ್ಟೆಯಿಂದ ಜಿಗಿದು ನಿಂತೆ, ಬಲಗೈಯನ್ನು ಎಡದಿಂದ ಬಲಕ್ಕೆ ಬೀಸಿದೆ, ಎಡಗೈ ಅಂಗಿಯ ಜೇಬಿನಿಂದ ಸೀಟಿ ತೆಗೆದು ಬಾಯಿಗಿಟ್ಟಿತು. ಊದಿದೆ. ಹೊಳಲ್ಕೆರೆಯ ಆ ಬೀದಿಯಲ್ಲಿ ಅಂಥ ಸೀಟಿ ಹಿಂದೆಂದೂ ಕೇಳಿರಲಾರದು. ಕಿಟಕಿಯಲ್ಲಿ ಎರಡು ಕೈಗಳು ಕತ್ತರಿ ಹಾಕಿ ಬಿಡಿಸಿಕೊಂಡವು. ನಾನೂ ಕತ್ತರಿ ಹಾಕಿ ಬಿಡಿಸಿದೆ, ಇನ್ನೊಮ್ಮೆ ಊದಿದೆ.

ಎಚ್ಚರವಾದಾಗ ದಾಸಣ್ಣ ನನ್ನ ಕೊರಳಪಟ್ಟಿ ಹಿಡಿದಿದ್ದರು.

"ಏನಪ್ಪ, ಕಾಪಿ ಹೊಡ್ಸೋರನ್ನ ಭಾಳ ನೋಡೀನಿ. ಸೀಟಿ ಊದಿ ಹೊಡ್ಸೋನನ್ನ ಇವತ್ತೇ ನೋಡಿದ್ದು. ನಡಿ ಒಳಗೆ."

ಮುಖ್ಯ ಅಧೀಕ್ಷಕರು ನಾಗಭೂಷಣ ಎಂಬುವವರು. ವಯಸ್ಸಾದ, ಸಾಧು ಮುಖದ ವಿಜ್ಞಾನದ ಮೇಷ್ಟ್ರು. ಸಾಧು ಮುಖ ಆಗ ಕೆಂಪಾಗಿತ್ತು. ಕೊಠಡಿಗೊಂದು ಕ್ಯಾಮೆರಾ ಇಟ್ಟಿದ್ದಾರೆ, ಅದನ್ನು ಚಿತ್ರದುರ್ಗದಲ್ಲಿ ಕುಳಿತು ನೋಡುತ್ತಾರೆ, ನನ್ನ ಹೆಂಡತಿ ಪರೀಕ್ಷೆಯಲ್ಲಿ ಕೈ ಬೀಸುವುದು ಅಲ್ಲಿಯವರೆಗೂ ಕಂಡು ಫೋನು ಬಂದಿದೆ ಎಂದು ತಿಳಿಯಿತು. ಚೌಡೇಶ್ವರಿ ಮೇಜಿನ ಪಕ್ಕ ನಿಂತಿದ್ದಳು. ಅವಳ ಉತ್ತರ ಪತ್ರಿಕೆ ಮೇಷ್ಟ್ರ ಮುಂದಿತ್ತು. ಅವಳು ನನ್ನ ಕಡೆ ನೋಡಲಿಲ್ಲ, ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಅದನ್ನು ಕಂಡು ನನ್ನ ಜೀವ ಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಈಯಮ್ಮ ಕೈ ಆಡಿಸಿದ್ರು, ಹೊರಗಿಂದ ನೀವೂ ಅದೇ ಆಡಿಸಿದ್ರಿ," ಎಂದರು ನಾಗಭೂಷಣ ಮೇಷ್ಟ್ರು. "ಒಬ್ಬರು ಕೇಳೋದು, ಇನ್ನೊಬ್ಬರು ಉತ್ತರ ಖಾತ್ರಿ ಮಾಡೋದು. ಅಷ್ಟೇ ತಾನೆ? ಪತ್ರಿಕೆ ನಿಮ್ಮ ಮೊಬೈಲಿಗೆ ಬಂದೈತೋ ಏನೋ. ಇವರನ್ನ ಡಿಬಾರ್ ಮಾಡದೆ ನಂಗೆ ದಾರಿ ಇಲ್ಲ."

"ಇಲ್ಲ ಸಾರ್. ಅದು ಶಂಟಿಂಗ್ ಸನ್ನೆ. ಕಂಡ್ರೆ ಎತ್ತಲೇಬೇಕು. ಉತ್ತರ ಗಿತ್ತರ ನಂಗೇನೂ ಗೊತ್ತಿಲ್ಲ."

"ಗೊತ್ತಿಲ್ವಾ? ನೋಡಾಣ, ಕುಂತ್ಕಳ್ರಿ," ಎಂದು ಒಂದು ಹಾಳೆಯ ಮೇಲೆ ಸಮೀಕರಣ ಬರೆದು ನನ್ನ ಮುಂದೆ ತಳ್ಳಿದರು. "ಇದು ಯಾವ ವಿಧದ ಕ್ರಿಯೆ ಹೇಳ್ರಿ."

ನೋಡಿದೆ. ಅದೇ ಸತು, ಅದೇ ತಾಮ್ರದ ಸಲ್ಫೇಟು. ಎಡಗಡೆ ಪ್ಲಸ್. ಸಂಯೋಗವೆಂದು ಬಾಯಿಗೆ ಬಂದೇಬಿಟ್ಟಿತ್ತು. ಆಗ ನನ್ನ ಬುದ್ಧಿ ಕೆಲಸ ಮಾಡಿತು. (ಇಂಥ ಹೊತ್ತಿನಲ್ಲೇ ಅದು ಕೆಲಸ ಮಾಡುವುದು.) ಸರಿಯುತ್ತರ ಹೇಳಿದರೆ ನನಗೆ ಗೊತ್ತಿದೆ ಎಂದಾಗುತ್ತದೆ, ಚೌಡೇಶ್ವರಿ ಹೊರಗೆ ಬೀಳುತ್ತಾಳೆ. ಬೇಕೆಂದೇ ತಪ್ಪು ಹೇಳಬೇಕು. ನನ್ನ ವಿದ್ಯೆಯನ್ನು ನನ್ನ ಹೆಂಡತಿಗಾಗಿ ಬಲಿ ಕೊಡಬೇಕು.

ಪೆದ್ದನಂತೆ ತಲೆ ಕೆರೆದುಕೊಂಡು, "ಸ್ಥಾನಪಲ್ಲಟ ಇರಬೇಕು ಸಾರ್," ಎಂದೆ.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಇನ್ನೊಂದು ಬರೆದರು. ಬೇರಿಯಮ್ ಕ್ಲೋರೈಡು, ಸೋಡಿಯಮ್ ಸಲ್ಫೇಟು. ಎಡಗಡೆ ಮತ್ತೆ ಪ್ಲಸ್. ಶುದ್ಧ ಸಂಯೋಗ. ನಾನು ಇನ್ನೂ ದೊಡ್ಡ ತಪ್ಪು ಹುಡುಕಿದೆ.

"ದ್ವಿಸ್ಥಾನಪಲ್ಲಟ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಎರಡೂ ಸರಿ. ಈಯಮ್ಮ ಬರೆದಿರೋದೂ ಇದೇ. ಏನೂ ಗೊತ್ತಿಲ್ಲ ಅಂದ್ರಲ್ಲ? ದಾಸಣ್ಣ, ಚಿತ್ರದುರ್ಗಕ್ಕೆ ಫೋನು ಹಚ್ರಿ."

ಸರಿ ಹೇಗಾಯಿತು? ನಾನು ಹೇಳಿದ್ದು ತಪ್ಪಲ್ಲವೇ? ಅಷ್ಟರಲ್ಲಿ ಚೌಡೇಶ್ವರಿ ಗಡಿಯಾರದಿಂದ ಕಣ್ಣು ಕಿತ್ತು ನನ್ನತ್ತ ತಿರುಗಿದಳು. ಇಷ್ಟು ವರ್ಷ ಜೊತೆಗೆ ಬಾಳಿದವಳು, ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು.

"ರೀ," ಎಂದಳು ಮೆತ್ತಗೆ. "ಬುದ್ಧಿ ಉಪಯೋಗಿಸಬ್ಯಾಡ್ರಿ. ನಿಮಗೆ ನಿಜವಾಗ್ಲೂ ಏನು ಗೊತ್ತೋ ಅದನ್ನ ಹೇಳ್ರಿ."

"ಹೇಳಿದ್ರೆ ನೀನು..."

"ಹೇಳ್ರಿ. ನನ್ನ ಮೇಲಾಣೆ."

ಇನ್ನೇನು ಮಾಡಲಿ. ನಿಟ್ಟುಸಿರು ಬಿಟ್ಟು ಹಾಳೆ ಹತ್ತಿರ ಎಳೆದುಕೊಂಡೆ. "ಸಾರ್, ಬೇಕಂತಲೇ ತಪ್ಪು ಹೇಳ್ದೆ. ಕ್ಷಮಿಸ್ಬೇಕು. ಇವೆರಡೂ ಸಂಯೋಗ. ಎಡಗಡೆ ಪ್ಲಸ್ ಇದ್ರೆ ಸಂಯೋಗ."

"ಏನಂದ್ರಿ?"

"ಪ್ಲಸ್ ಅಂದ್ರೆ ಕೂಡೋದಲ್ವಾ ಸಾರ್. ಎರಡು ಗಾಡಿ ಬಂದ್ವು, ಕೂಡಿದ್ವು."

"ಬಲಗಡೆ ಪ್ಲಸ್ ಐತಲ್ರೀ, ಅದಕ್ಕೇನಂತೀರಿ?"

"ಶಂಟಿಂಗ್ ಇನ್ನೂ ಮುಗಿದಿಲ್ಲ ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬೇಗ ಬೇಗ ಇನ್ನಷ್ಟು ಬರೆದರು. ಕಬ್ಬಿಣ ಬಂತು, ಸೀಸ ಬಂತು, ಬೆಳ್ಳಿ ಬಂತು. ನಾನು ಎಡಗಡೆ ನೋಡಿದೆ, ಪ್ಲಸ್ ಕಂಡಿತು, ಎರಡೂ ಕೈ ತಲೆಯ ಮೇಲೆತ್ತಿ ಕೂಡಿಸಿದೆ. ಸ್ಥಾನಪಲ್ಲಟವೆಂದರೆ ಲೈನು ಬದಲಿಸುವುದು, ದ್ವಿಸ್ಥಾನಪಲ್ಲಟವೆಂದರೆ ಹೋಗಿ ಬರುವುದು ಎಂದು ಬಿಡಿಸಿ ಹೇಳಿದೆ. ವಿವರಿಸುತ್ತ ವಿವರಿಸುತ್ತ ನನಗೆ ಹುರುಪು ಬಂದು, ಪುಸ್ತಕದವರ ತಪ್ಪನ್ನೂ ತೋರಿಸಿಕೊಟ್ಟೆ. ದಾಸಣ್ಣ ಫೋನು ಕಿವಿಗಿಟ್ಟವರು ಹಾಗೇ ನಿಂತಿದ್ದರು.

"ಇದನ್ನೇ ಇವರಿಗೆ ಹೇಳಿಕೊಟ್ರಾ?" ಎಂದು ಕೇಳಿದರು ಮೇಷ್ಟ್ರು.

"ಮೂರು ತಿಂಗಳು ಸಾರ್."

ಅವರು ಚೌಡೇಶ್ವರಿಯ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ ಹೇಳಿದಳು: "ಅವರು ಡ್ಯೂಟಿಯಿಂದ ಬಂದು, ಹೇಳಿಕೊಟ್ಟು ಮಲಗ್ತಿದ್ರು ಸಾರ್. ಆಮೇಲೆ ನಾನು ಪುಸ್ತಕ ತೆಗೆದು ಓದ್ಕಂತಿದ್ದೆ. ಎಲ್ಲ ಉಲ್ಟಾ ಇತ್ತು. ನಿದ್ದೆಗೆಟ್ಟು ಹೇಳಿಕೊಡ್ತಾರೆ, ಮನಸ್ಸು ನೋಯಿಸೋದು ಬ್ಯಾಡ ಅಂತ ಸುಮ್ಕಿದ್ದೆ. ಹೆಸರು ಮಾತ್ರ ನಂಗೆ ಬಾಯಾಗೆ ಬರ್ತಿರಲಿಲ್ಲ, ಕೈಯಾಗೆ ಬರ್ತಿತ್ತು. ಅದಕ್ಕೆ ಕೈ ಎತ್ತಿದೆ."

ನನ್ನ ಕಿವಿಗಳು ಬಿಸಿಯಾದವು. ಮೂರು ತಿಂಗಳು ಅವಳು ತಲೆಯಾಡಿಸಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು.

ಮೇಷ್ಟ್ರು ಉತ್ತರ ಪತ್ರಿಕೆಯನ್ನು ಅವಳ ಕೈಗೆ ಕೊಟ್ಟರು. "ಹೋಗಮ್ಮ, ಕುಂತು ಬರಿ. ಹೋದ ಟೈಮು ನಾನು ವಾಪಸ್ ಕೊಡಕಾಗಲ್ಲ. ಕೈ ಮೇಜಿನ ಕೆಳಗೆ ಆಡಿಸ್ಕ." ಅವಳು ಓಡಿದಳು. ಆಮೇಲೆ ನನಗೆ ಒಂದು ಬಿಳಿ ಹಾಳೆ ಕೊಟ್ಟು, ತಾವು ಹೇಳಿದಂತೆ ಬರೆಯಲು ಹೇಳಿದರು. ಚಿತ್ರದುರ್ಗಕ್ಕೆ ಕಳಿಸಲು ಬೇಕಂತೆ.

"ರಾಸಾಯನಿಕ ಕ್ರಿಯೆಗಳ ವಿಧಗಳನ್ನು ಗುರುತಿಸಲು ನನಗೆ ಬರುವುದಿಲ್ಲ. ಬರುತ್ತದೆ ಎಂದು ನಾನು ತಿಳಿದಿದ್ದು ತಪ್ಪು. ನನ್ನಿಂದ ಯಾವ ಅಭ್ಯರ್ಥಿಗೂ ಯಾವುದೇ ಸಹಾಯ ಆಗಿರುವುದಿಲ್ಲ, ಆಗುವ ಸಂಭವವೂ ಇರುವುದಿಲ್ಲ." ಕೆಳಗೆ ಹೆಸರು, ಹುದ್ದೆ, ಸಹಿ. ಸಾಕ್ಷಿ, ದಾಸಣ್ಣ. ಕಿತ್ತುಕೊಂಡಿದ್ದ ಸೀಟಿಯನ್ನು ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಟ್ಟರು.

ಚೌಡೇಶ್ವರಿ ಪಾಸಾದಳು. ಎಲ್ಲಕ್ಕಿಂತ ಹೆಚ್ಚು ಅಂಕ ವಿಜ್ಞಾನದಲ್ಲೇ ಬಂತು. ಬೀದಿಯವರು ಬಂದು, ಗಂಡ ಹೇಳಿಕೊಟ್ಟರೆ ಹೀಗಿರಬೇಕು ಎಂದು ನನ್ನನ್ನು ಹೊಗಳಿದರು. ನಾನು ವಿನಯದಿಂದ ಬಾಯಿ ತೆರೆಯುವ ಮೊದಲೇ ನನ್ನ ತಾಯಿ, "ಅವನು ಏನೂ ಗೊತ್ತಿಲ್ಲ ಅಂತ ಹೊಳಲ್ಕೆರ್ಯಾಗೆ ಬರೆದುಕೊಟ್ಟು ಬಂದವ್ನೆ ಕಣವ್ವ," ಎಂದರು. ಈಗ ಮನೆಯಲ್ಲಿ ನಾನು ಸಾರಿಗೆ ಉಪ್ಪು ಕಡಿಮೆ ಎಂದರೂ ಆ ಮಾತು ಬರುತ್ತದೆ.

ಕೆಲಸದ ಆದೇಶವೂ ಬಂತು. ಮೊದಲ ದಿನ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ನೆರಿಗೆ ಸರಿಮಾಡಿಕೊಂಡು ಹೊರಟಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ರಾತ್ರಿಪಾಳಿಯಿಂದ ಬಂದು ಹೊಸಿಲಲ್ಲಿ ಕುಳಿತಿದ್ದೆ. ಕಣ್ಣು ಉರಿಯುತ್ತಿತ್ತು. ಅವಳು ನನ್ನ ಕೈಗೆ ಮುದ್ದೆಕೋಲು ಕೊಟ್ಟಳು.

"ಎಸರಿಟ್ಟೀನಿ. ಅತ್ತೆಗೆ ಮಂಡಿನೋವು, ಏಳಿಸಬ್ಯಾಡ್ರಿ. ಮುದ್ದೆ ತಿರುವಿ, ಸಾರು ಇಳಿಸಿ, ಆಮೇಲೆ ಮಲಗ್ರಿ. ನಿಮ್ಮ ಕ್ಯಾರಿಯರ್ ನೀವೇ ತೊಳ್ಕಳ್ರಿ." ಎರಡು ಹೆಜ್ಜೆ ಹೋದವಳು ತಿರುಗಿದಳು. "ನಾನು ಹೊರಗೆ ಹೋದೆ, ನನ್ನ ಜಾಗಕ್ಕೆ ನೀವು ಬಂದ್ರಿ. ಇದು ಯಾವ ಕ್ರಿಯೆ ಹೇಳ್ರಿ ನೋಡಾಣ."

ಪಾಳಿ ಮುಗಿಸಿ ಬಂದವನ ತಲೆ. ನಾವಿಬ್ಬರೂ, ನಡುವೆ ಒಂದು ಪ್ಲಸ್ಸು ಕಂಡಿತು. "ಸಂಯೋಗ," ಎಂದೆ.

ಅವಳು ಬೀದಿಯ ತಿರುವಿನವರೆಗೆ ನಡೆದು, ಅಲ್ಲಿ ನಿಂತು, ಬಲಗೈಯನ್ನು ಎಡದಿಂದ ಬಲಕ್ಕೆ ಪೂರ್ತಿಯಾಗಿ ಬೀಸಿದಳು. ನಾನು ಎದ್ದು ನಿಂತು, ಮುದ್ದೆಕೋಲು ಹಿಡಿದ ಕೈಯನ್ನು ಹಾಗೆಯೇ ಬೀಸಿ, ಒಳಗೆ ಹೋದೆ.